ಮುನಿಕೆಂಪಮ್ಮನ ಹರಕೆಯ ಬಾಡೂಟ

"ಕುರಿ ಕಡಿಯೋದು ಇವತ್ತೇ! ಊಟ ಈ ಮನೇಲೇ! ಯಾರ್ ಏನಂದ್ರೂ ನಾನ್ ಕೇಳಾಕಿಲ್ಲ!"

ಮುನಿಕೆಂಪಮ್ಮನ ಆರ್ಭಟಕ್ಕೆ ರಾಜಾನುಕುಂಟೆಯ ಆ ಮನೆಯೇ ನಡುಗಿತು. ಮಗ ರಘುನಾಥ ಕೈಮುಗಿದ. "ಅಮ್ಮ, ನೆಂಟರೆಲ್ಲ ಕಲಾವತಿ ತಲೆ ಮುಟ್ಟಿ ಅಕ್ಷತೆ ಹಾಕಿದ್ರೆ ಇನ್ಫೆಕ್ಷನ್ ಆಗುತ್ತೆ. ಡಾಕ್ಟರ್ ಬೇಡ ಅಂದಿದ್ದಾರೆ ಕಣಮ್ಮ!"

"ಡಾಕ್ಟ್ರೇ ಉಳಿಸಿದ್ರಾ? ನಮ್ಮ ಮುನೇಸ್ವರ ಏನ್ ಕಡ್ಲೆಪುರಿ ತಿಂತಾ ಕೂತಿದ್ನಾ?"

ಸೊಸೆ ಕಲಾವತಿಗೆ ರಕ್ತದ ಕ್ಯಾನ್ಸರ್. ಕೀಮೋ ಸೋತ ಮೇಲೆ ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದರಲ್ಲಿ ಕಾರ್-ಟಿ ಚಿಕಿತ್ಸೆ ಕೊಟ್ಟರು. ಅವಳದೇ ರಕ್ತದ ಕಾವಲು ಕಣಗಳನ್ನು ತೆಗೆದು, ಕ್ಯಾನ್ಸರಿನ ಗುರುತು ಹಿಡಿಯುವಂತೆ ತಿದ್ದಿ, ಮತ್ತೆ ಮೈಗೆ ಬಿಟ್ಟರು. ಜ್ವರದಲ್ಲಿ ಬೆಂದು, ಗಂಡನ ಹೆಸರನ್ನೇ ಮರೆತು, ಹೇಗೋ ಗೆದ್ದು ಬಂದಳು ಆ ಪುಣ್ಯಾತ್ಗಿತ್ತಿ! ಆದರೆ ಆ ಕಣಗಳು ರೋಗದ ಜೊತೆಗೆ ಸೋಂಕು ತಡೆಯುವ ಒಳ್ಳೆಯ ಕಣಗಳನ್ನೂ ನುಂಗಿದ್ದವು. ಈಗ ಅವಳಿಗೆ ಒಂದು ನೆಗಡಿಯೂ ಗಂಡಾಂತರವೇ.

ಮಾಸ್ಕ್ ಹಾಕಿಕೊಂಡು ಕಲಾವತಿ ಕೋಣೆಯ ಬಾಗಿಲಿಗೆ ಬಂದಳು. "ಯಾಕತ್ತೆ ಇಷ್ಟು ಹಟ?"

ಮುನಿಕೆಂಪಮ್ಮನ ದನಿ ಒಡೆಯಿತು. "ಆಸ್ಪತ್ರೇಲಿ ನನ್ ರಕ್ತ ತಗೊಳ್ರೀ ಅಂತ ಕೈ ಚಾಚ್ದೆ... ಬ್ಯಾಡ, ಅವಳ್ದೇ ಆಗ್ಬೇಕು ಅಂದ್ರು! ನನ್ ಕೈಲಿದ್ದಿದ್ದು ಅರಕೆ ಒಂದೇ ಕಣೇ... ಅದೂ ಬ್ಯಾಡ್ವಾ?"

ಮನೆಯವರೆಲ್ಲ ಗಟ್ಟಿಗಿತ್ತಿ ಎಂದು ಹೆದರುತ್ತಿದ್ದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತಳು. ಕಲಾವತಿಯ ಕಣ್ಣೂ ತುಂಬಿತು.

"ಹರಕೆ ತೀರಲಿ ಅತ್ತೆ, ಗುಡಿ ತೋಪಲ್ಲಿ. ನೀವು ಮಾತ್ರ ನನ್ ಜೊತೆ ಇರಿ. ನೆಂಟರನ್ನ ತಡೆಯೋಕೆ ನಿಮ್ಮಷ್ಟು ಬಾಯಿ ಇನ್ಯಾರಿಗಿದೆ ಹೇಳಿ?"

ಅಳುವಿನ ನಡುವೆಯೇ ಮುನಿಕೆಂಪಮ್ಮ ನಕ್ಕುಬಿಟ್ಟಳು.

ಬಂದ ನೆಂಟರನ್ನು ಹೊಸ್ತಿಲಿಂದ ತಿರುಗಿಸುವುದು ಆ ಮನೆತನಕ್ಕೆ ಸಾಯುವಷ್ಟು ಅವಮಾನ. ಆದರೂ ಅವಳು ಬಾಗಿಲಿಗೆ ಅಡ್ಡ ನಿಂತಳು. ನಾದಿನಿ ಮುನಿಯಲ್ಲಮ್ಮ ಕೆರಳಿದಳು. "ಇನ್ ನಿನ್ ಮನೆ ಮೆಟ್ಲು ತುಳಿಯಾಕಿಲ್ಲ ಅತ್ತಿಗೆ!"

"ತುಳೀಬ್ಯಾಡ ಬಿಡು. ನನ್ ಸೊಸೆ ಇದ್ರೆ ಸಾಕು."

ತೋಪಿನಿಂದ ಬಾಡಿನ ಘಮಲು ಬರುವಾಗ ಅತ್ತೆ ಸೊಸೆ ಬಿಸಿ ಮುದ್ದೆ, ಸೊಪ್ಪಿನ ಸಾರು ಉಣ್ಣುತ್ತಿದ್ದರು. ಮುನಿಕೆಂಪಮ್ಮ ಮೆಲ್ಲಗೆ ಕೇಳಿದಳು, "ಅದು ತಿರ್ಗಾ ಬತ್ತದೇನೇ?"

"ಬರಬಹುದು ಅತ್ತೆ... ಎಲ್ಲರಿಗೂ ಪೂರ್ತಿ ವಾಸಿ ಆಗಲ್ಲವಂತೆ."

ಅತ್ತೆ ಇನ್ನರ್ಧ ಮುದ್ದೆ ಮುರಿದು ಸೊಸೆಯ ತಟ್ಟೆಗಿಟ್ಟಳು.

"ಬಂದಾಗ ನೋಡ್ಕೊಳ್ಳಾನ. ಈಗ ಆರೋಕ್ ಮುಂಚೆ ಉಣ್ಣು."