ನೀಲಿ ಮುದ್ರೆಯ ಸರ್ಟಿಫಿಕೇಟ್

೨೦೧೫ರ ಜೂನ್ ೧೮, ಗುರುವಾರ. ಬೆಳಿಗ್ಗೆ ೧೧.೨೦ಕ್ಕೆ ಬನಹಟ್ಟಿ ಠಾಣೆಗೆ ಬಂದ ಯುವತಿ ದೂರನ್ನು ಬರೆದುಕೊಂಡೇ ಬಂದಿದ್ದಳು. ಹೆಸರು ಶೈಲಾ, ವಯಸ್ಸು ಇಪ್ಪತ್ತಾರು, ಊರು ಸಾವಳಗಿ. ಜೊತೆಗೆ ಬಂದಿದ್ದ ತಂದೆ ಸಾಬಣ್ಣ ಹೆಗಲ ಮೇಲಿನ ಕಂಬಳಿ ಮಡಚಿಕೊಂಡು ಬಾಗಿಲ ಹೊರಗೇ ಕುಳಿತ.

ಪಿಎಸ್‌ಐ ರೇವಪ್ಪ ದೂರನ್ನು ಎರಡು ಸಲ ಓದಿದ. ಶೈಲಾ ಜನವರಿಯಿಂದ ಮುಧೋಳದ ಖಾಸಗಿ ಇಂಗ್ಲಿಷ್ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು. ಜೂನ್‌ನಲ್ಲಿ ಹೊಸ ಶೈಕ್ಷಣಿಕ ವರ್ಷದ ಪರಿಶೀಲನೆಯಲ್ಲಿ ಆಕೆಯ ಇಂಗ್ಲಿಷ್ ಬೋಧನಾ ಸರ್ಟಿಫಿಕೇಟಿನ ಮೇಲಿದ್ದ ಶಿಕ್ಷಣ ಇಲಾಖೆಯ ನೀಲಿ ಮುದ್ರೆಯ ಬಗ್ಗೆ ಅನುಮಾನ ಬಂದಿತ್ತು. ಅಂದೇ ಕೆಲಸದಿಂದ ತೆಗೆದಿದ್ದರು. ಸರ್ಟಿಫಿಕೇಟನ್ನು ಕೈಗೆ ಕೊಟ್ಟವರು ಬನಹಟ್ಟಿಯಲ್ಲಿ ಇಂಗ್ಲಿಷ್ ಕ್ಲಾಸ್ ನಡೆಸುವ ತ್ರಿಶಲಾ.

“ಈ ಮುದ್ರಿ ನೀ ಹಾಕಿಸಿದ್ದಲ್ಲ?”

“ಅಲ್ರಿ ಸರ್.”

“ಕೋರ್ಸ್ ಮುಗಿಸಿದ್ದು ಖರೆ?”

“ಖರೆ ರೀ. ತ್ರಿಶಲಾ ಟೀಚರ್ ಕಂಪ್ಯೂಟರಿನಾಗ ಆನ್‌ಲೈನ್ ಮುಗಿಸೀನಿ. ಹತ್ತು ದಿನದಾಗ ಆತು.”

“ಹತ್ತು ದಿನದಾಗ ಟೀಚರ್ ಆಗ್ತಾರೇನು?”

ಶೈಲಾ ತಲೆ ತಗ್ಗಿಸಿದಳು. “ಹೋದ ವರ್ಷ ಬಿ.ಎಡ್. ಸೀಟ್ ಸಿಕ್ಕಿತ್ರಿ. ಈ ಸರ್ಟಿಫಿಕೇಟ್ ಇದ್ರ ಅದು ಬೇಕಾಗೂದಿಲ್ಲ, ಸುಮ್ಮನ ವರ್ಷ ಯಾಕ ಹಾಳ ಮಾಡ್ಕೊಂತಿ ಅಂದ್ರು ಟೀಚರ್. ಬಿಟ್ಟುಬಿಟ್ಟೆ.”

ಹೊರಗಿನಿಂದ ಸಾಬಣ್ಣ ಕೇಳಿದ, “ಸಾಹೇಬ್ರ, ಹಂಗಾದ್ರ ನನ್ನ ಮಗಳೂ ಕಳ್ಳಿ ಆಗ್ತಾಳೇನ್ರಿ?”

ರೇವಪ್ಪ ಸರ್ಟಿಫಿಕೇಟನ್ನು ಮತ್ತೆ ಕೈಗೆತ್ತಿಕೊಂಡ. ಮುದ್ರೆ ಸುಳ್ಳೆಂದು ಗೊತ್ತಿದ್ದೂ ಶಾಲೆಗೆ ಕೊಟ್ಟಿದ್ದರೆ ಹುಡುಗಿಯೂ ಆರೋಪಿಯೇ. ೧೨.೪೦ಕ್ಕೆ ಎಫ್‌ಐಆರ್ ದಾಖಲಾಯಿತು. ವಂಚನೆ, ಖೊಟ್ಟಿ ದಾಖಲೆ, ಖೊಟ್ಟಿ ಮುದ್ರೆ.

ಮೊದಲು ಆ ಆನ್‌ಲೈನ್ ಕೋರ್ಸಿನ ವೆಬ್‌ಸೈಟನ್ನೇ ನೋಡಬೇಕಿತ್ತು. ಕಾನ್‌ಸ್ಟೆಬಲ್ ಭೀಮಶಿ ಮೊಬೈಲಿನಲ್ಲಿ ಹುಡುಕಿ, ಸರ್ಟಿಫಿಕೇಟಿನ ನಂಬರ್ ಹಾಕಿ ಇಮೇಲ್ ಬರೆದ. ಎರಡು ದಿನದಲ್ಲಿ ವಿದೇಶದಿಂದ ಉತ್ತರ ಬಂತು. ನಂಬರ್ ನಮ್ಮದೇ, ಶೈಲಾ ಪಾಸಾದದ್ದೂ ನಿಜ, ಆದರೆ ಯಾವ ಸರ್ಕಾರದ ಮುದ್ರೆಯನ್ನೂ ನಾವು ಹಾಕುವುದಿಲ್ಲ.

“ಅಂದ್ರ ಕಾಗದ ಖರೆ, ಮುದ್ರಿ ಸುಳ್ಳರಿ,” ಎಂದ ಭೀಮಶಿ. “ಆ ಕಾಗದ ನಮ್ಮ ದೇಶದ ಸಾಲಿಗೆ ನಡಿಯೂದಿಲ್ಲ ಅಂತ ಅವರ ಪೇಜಿನಾಗs ಬರದಾರ. ಸಣ್ಣ ಅಕ್ಷರದಾಗ, ಎಲ್ಲಾಕಿಂತ ಕೆಳಗ.”

ಜೂನ್ ೨೪ರಂದು ಜಿಲ್ಲಾ ಶಿಕ್ಷಣ ಕಚೇರಿಯ ಪತ್ರ ತಲುಪಿತು: ಮುದ್ರೆ ತಮ್ಮದಲ್ಲ. ಮರುದಿನ ಭೀಮಶಿ ರಬ್ಬರ್ ಸ್ಟ್ಯಾಂಪ್ ಮಾಡುವ ಅಂಗಡಿಗಳನ್ನು ಒಂದೊಂದಾಗಿ ವಿಚಾರಿಸುತ್ತ ಹೋದ. ರಬಕವಿಯ ಮೂರನೆಯ ಅಂಗಡಿಯಲ್ಲಿ ಮುದುಕ ಬಸಗೊಂಡಪ್ಪ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿ, “ಇದು ನನ್ನ ಕೈಯಾಗಿಂದರಿ,” ಎಂದ.

“ಯಾರು ಮಾಡಿಸಿದ್ದು?”

“ಇಂಗ್ಲಿಷ್ ಕ್ಲಾಸಿನ ಬಾಯಾರು, ಬನಹಟ್ಟಿ ತ್ರಿಶಲಾ ಟೀಚರ್. ಇಲಾಖೆಯವರs ಕೇಳ್ಯಾರ ಅಂದ್ರು. ನನ್ನ ಮೊಮ್ಮಗಳಿಗೆ ಕಲಿಸಿದವರು ರೀ, ಸುಳ್ಳ ಹೇಳ್ತಾರಂತ ಹೆಂಗ ಅನ್ಕೊಳ್ಳಿ?” ಮಾದರಿಗೆಂದು ಆಕೆ ಬರೆದುಕೊಟ್ಟಿದ್ದ ಚೀಟಿ ಅವನ ಫೈಲಿನಲ್ಲಿ ಇನ್ನೂ ಇತ್ತು.

ಜೂನ್ ೨೬, ಶುಕ್ರವಾರ, ಮಧ್ಯಾಹ್ನ ೨.೩೦. ಇಬ್ಬರು ಪಂಚರು, ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಮತ್ತು ಭೀಮಶಿಯೊಂದಿಗೆ ರೇವಪ್ಪ ತ್ರಿಶಲಾಳ ಮನೆಗೆ ಹೋದ. ಪಕ್ಕದ ಓಣಿಯಲ್ಲಿ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಮುಂದಿನ ಕೋಣೆಯಲ್ಲಿ ಹತ್ತು ಹೆಣ್ಣುಮಕ್ಕಳು ಚಾಪೆಯ ಮೇಲೆ ಕುಳಿತಿದ್ದರು. ಹಲಗೆಯ ಮೇಲಿನ ಬರಹ ಅಚ್ಚಿನಷ್ಟು ದುಂಡಗಿತ್ತು. ತ್ರಿಶಲಾಗೆ ನಲವತ್ತರ ಹತ್ತಿರ ವಯಸ್ಸು. ಪೊಲೀಸರನ್ನು ಕಂಡು ಆಕೆ ಬೆದರಲಿಲ್ಲ. ಹುಡುಗಿಯರಿಗೆ “ಇವತ್ತಿಗೆ ಇಷ್ಟs ಸಾಕು, ಮನಿಗೆ ಹೋಗ್ರಿ,” ಎಂದು ಹೇಳಿ, ಕೊನೆಯವಳು ಚಪ್ಪಲಿ ಮೆಟ್ಟುವವರೆಗೆ ಕಾದು, ತಾನಾಗಿಯೇ ಕಪಾಟು ತೆರೆದಳು.

ಮುದ್ರೆ, ನೀಲಿ ಶಾಯಿಯ ಪ್ಯಾಡ್, ಒಂದು ರಿಜಿಸ್ಟರ್. ರಿಜಿಸ್ಟರಿನಲ್ಲಿ ಇಪ್ಪತ್ತಮೂರು ಹೆಸರುಗಳು, ಅವರು ಕೆಲಸಕ್ಕಿರುವ ಶಾಲೆಗಳು, ಊರುಗಳು. ಭೀಮಶಿ ಪಂಚನಾಮೆ ಬರೆಯತೊಡಗಿದ.

“ಮುದ್ರಿ ಸುಳ್ಳು ಅಂತ ಹುಡುಗ್ಯಾರಿಗೆ ಗೊತ್ತಿತ್ತೇನ್ರಿ, ಮೇಡಂ?” ರೇವಪ್ಪ ಕೇಳಿದ.

“ಒಬ್ಬಾಕಿಗೂ ಗೊತ್ತಿರಲಿಲ್ಲ. ಹಂಗs ಬರ್ಕೋರಿ.”

ಶೈಲಾ ಆರೋಪಿಯಲ್ಲ, ಸಾಕ್ಷಿ ಎಂದು ರೇವಪ್ಪನ ಮನಸ್ಸಿಗೆ ಖಾತ್ರಿಯಾದದ್ದು ಆಗ.

“ಮತ್ತ ಯಾಕ ಹಾಕಿದ್ರಿ?”

“ಒಂದು ಸಾಲಿಯೊಳಗ ಒಂಬತ್ತು ವರ್ಷ ಕಲಿಸಿದೆ. ಬಿ.ಎಡ್. ಇಲ್ಲ ಅಂತ ತಗದ್ರು. ಅದಕ್ಕಂತ ಈ ಆನ್‌ಲೈನ್ ಕೋರ್ಸ್ ಮಾಡ್ಕೊಂಡು ಒಯ್ದೆ. ಹೆಡ್‌ಮಾಸ್ಟರ್ ನಕ್ರು. ಇಂಥಾವು ಸಂತ್ಯಾಗೂ ಸಿಗ್ತಾವ ಅಂದ್ರು.” ಆಕೆ ಕೈಗಂಟಿದ್ದ ಸೀಮೆಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. “ನನ್ನ ಹುಡುಗ್ಯಾರೂ ಹಂಗs ಅಳಕೋಂತ ಹೊಳ್ಳಿ ಬರಾಕ ಹತ್ತಿದ್ರು. ಕಾಗದದ ಮ್ಯಾಲ ಒಂದು ಮುದ್ರಿ ಬಿತ್ತು ನೋಡ್ರಿ, ಯಾರೂ ನಗಲಿಲ್ಲ.”

“ಆತು. ಆದ್ರ ಶೈಲಾಗ ಬಿ.ಎಡ್. ಸೀಟ್ ಬಿಡು ಅಂತ ಯಾಕ ಹೇಳಿದ್ರಿ? ಆಕಿಗೆ ಖರೇ ದಾರಿ ಇತ್ತಲ್ಲ.”

ತ್ರಿಶಲಾ ರಿಜಿಸ್ಟರಿನಲ್ಲಿ ಶೈಲಾಳ ಹೆಸರಿನ ಮೇಲೆ ಬೆರಳಿಟ್ಟಳು. ಭೀಮಶಿಯ ಪೆನ್ನು ನಿಂತಿತು.

“ಆಕಿ ಎಲ್ಲಾರಕಿಂತ ಛಲೋ ಕಲ್ತಾಕಿ ರೀ. ಬಿ.ಎಡ್. ಮಾಡಿದ್ರ ಕಾಲೇಜಿನಿಂದ ಟೀಚರ್ ಆದ್ಲು ಅಂತಿದ್ರು. ನನ್ನಿಂದ ಆದ್ಲು ಅಂತ ಒಬ್ಬಾಕಿ ಬಗ್ಗೆರೆ ಮಂದಿ ಅನ್ನಲಿ ಅಂತ ಆಸೆ ಇತ್ತು.” ರಿಜಿಸ್ಟರ್ ಮುಚ್ಚಿ ಹೇಳಿದಳು, “ಆಕಿ ದಾರಿ ನಾನs ಕೆಡಿಸಿದೆ.”

೪.೧೫ಕ್ಕೆ ಬಂಧನ. ಜೀಪು ಹತ್ತುವ ಮುನ್ನ ತ್ರಿಶಲಾ ಹಲಗೆ ಒರೆಸಿ ಬರಲು ಅನುಮತಿ ಕೇಳಿದಳು. ರೇವಪ್ಪ ಬೇಡವೆನ್ನಲಿಲ್ಲ.

ಶನಿವಾರ ಆಕೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿ ಬಂದ ಮೇಲೆ, ಉಳಿದ ಇಪ್ಪತ್ತೆರಡು ಹೆಸರುಗಳು ಮೇಜಿನ ಮೇಲಿದ್ದವು. ತೇರದಾಳ, ಬೀಳಗಿ, ಜಮಖಂಡಿ. ಅವರೆಲ್ಲ ಅಂದೂ ತಮ್ಮ ತಮ್ಮ ಶಾಲೆಗಳಲ್ಲಿ ಪಾಠ ಮಾಡಿ ಬಂದಿದ್ದರು. ಮುದ್ರೆ ಸುಳ್ಳೆಂದು ಪ್ರತಿ ಶಾಲೆಗೂ ಪತ್ರ ಹೋಗಬೇಕು, ಅದು ನಿಯಮ. ಪತ್ರಗಳು ಟೈಪಾಗಿ ಸಹಿಗೆ ಸಿದ್ಧವಾಗಿದ್ದವು.

“ಸೋಮವಾರ ಕಳಿಸೂಣೇನ್ರಿ?” ಭೀಮಶಿ ಮೆಲ್ಲಗೆ ಕೇಳಿದ. “ನಾಳೆ ಒಂದಿನರೆ ಆರಾಮ ಇರಲಿ.”

ರೇವಪ್ಪ ಮೊದಲ ಪತ್ರವನ್ನು ಎಳೆದುಕೊಂಡು, ಅಂದಿನ ತಾರೀಖನ್ನೇ ಬರೆದು ಸಹಿ ಹಾಕಿದ.