ಚುಕ್ಕಾಣಿ ಹಿಡಿದ ಕೈ

“ದೋಣಿ ಬರೀರಿ, ಅಲೆ ಬರೀರಿ, ಬೇಡ ಅನ್ನಲ್ಲ. ದೋಣಿಯೊಳಗೆ ಮನುಷ್ಯನ್ನ ಮಾತ್ರ ಬರೀಬೇಡಿ ಸ್ವಾಮಿ,” ಎಂದಳು ಮನೆಯೊಡತಿ ಲವ್‌ಡೇ, ಮೀನು ಸೀಳುತ್ತಲೇ. “ಹಿಂದೊಬ್ಬ ಚಿತ್ರಗಾರ ಒಬ್ಬ ತಾಯಿಯ ಮಗನನ್ನ ಬಂಡೆ ಹತ್ರ ದೋಣೀಲಿ ನಿಲ್ಲಿಸಿ ಬರೆದ. ಮಗ ಮುಳುಗ್ತಿದ್ರೂ ಕುಂಚ ಕೆಳಗಿಡ್ಲಿಲ್ಲ. ಇನ್ಯಾರೂ ಹಂಗೆ ನಿಲ್ಲಬಾರದು ಅಂತ ಆ ತಾಯಿ ಮಾಟ ಮಾಡಿಸಿದ್ಳು. ಯಾರ ಮೈ ನೋಡಿ ಬರೀತಾರೋ, ಆ ಮೈ ಸಮುದ್ರಕ್ಕೆ.”

“ಮಾಟದಿಂದ ಬಣ್ಣ ಬೇಗ ಒಣಗುತ್ತಾ ಅಮ್ಮ?” ಎಂದು ಸೆಪ್ಟಿಮಸ್ ನಕ್ಕ.

ಲಂಡನ್ನಿನಲ್ಲಿ ಏಳು ವರ್ಷ ಚಿತ್ರಕಲೆ ಕಲಿತು ಬಂದವನಿಗೆ ಈ ಕಾರ್ನ್‌ವಾಲ್ ಬಂದರಿನಲ್ಲಿ ಇದ್ದದ್ದು ಒಂದೇ ಸಂಕಟ: ಡಿಗೊರಿ ನ್ಯಾನ್ಸ್. ಹರಿದ ಹಾಯಿಬಟ್ಟೆಯ ಮೇಲೆ, ದೋಣಿಗೆ ಬಳಿದು ಉಳಿದ ಬಣ್ಣದಲ್ಲಿ ಆ ಮುದುಕ ಸಮುದ್ರ ಬರೆಯುತ್ತಿದ್ದ. ನೋಡಿದವರು ನೀರು ಸಿಡಿಯಿತೇನೋ ಎಂದು ತೋಳು ಒರೆಸಿಕೊಳ್ಳುತ್ತಿದ್ದರು. ಸೆಪ್ಟಿಮಸ್‌ನ ಸಮುದ್ರಕ್ಕೆ ‘ಚೆನ್ನಾಗಿದೆ’ ಎಂದು ಮುಂದೆ ನಡೆಯುತ್ತಿದ್ದರು. ಆ ಒಂದು ಮಾತಿಗೆ ಅವನ ಹೊಟ್ಟೆ ಉರಿಯುತ್ತಿತ್ತು. ಮುದುಕ ಸತ್ತರೆ ಸಾಕೆಂದು ಅವನು ನಿಜವಾಗಿಯೂ ಬಯಸಿದ.

ಒಂದು ಬೆಳಿಗ್ಗೆ ಡಿಗೊರಿ ಒಬ್ಬನೇ ಕಡಲಿಗೆ ಹೊರಟ. ಆಕಾಶ ಕಪ್ಪಿಟ್ಟಿತ್ತು. ಸೆಪ್ಟಿಮಸ್ ಬಾಗಿಲು ಹಾಕಿ, ದೋಣಿಯೊಂದನ್ನು ಬರೆದು, ಚುಕ್ಕಾಣಿಯ ಬಳಿ ಮುದುಕನ ಗಡ್ಡ, ಮುದುಕನ ಟೋಪಿ ಇಟ್ಟ. ಮಾಟ ನಿಜವೇ ಆಗಿದ್ದರೆ ಆಗಲಿ! ಮೈಗೆ ಮಾದರಿಯಾಗಿ ನಿಲ್ಲಲು ಊರಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಎಂದಿನ ಅಭ್ಯಾಸದಂತೆ ತಾನೇ ಕನ್ನಡಿಯೆದುರು ನಿಂತು, ಬಲಗೈಯಲ್ಲಿ ಕುರ್ಚಿಯ ಬೆನ್ನು ಬಿಗಿಹಿಡಿದು, ನೋಡಿ ನೋಡಿ ಬಂದು ಬರೆದ. ಉಬ್ಬಿದ ನರ, ಬಿಳಿಚಿದ ಗೆಣ್ಣು, ಒದ್ದೆ ಉಗುರು. ಅಂಥ ಕೈಯನ್ನು ಅವನು ಜನ್ಮದಲ್ಲಿ ಬರೆದಿರಲಿಲ್ಲ.

ಮಧ್ಯಾಹ್ನ ಎಣ್ಣೆಬಣ್ಣದ ವಾಸನೆ ಅಡಗಿ ಕೊಳೆತ ಪಾಚಿಯ ವಾಸನೆ ಎದ್ದಿತು. ನೆಲದ ಹಲಗೆಯಡಿ ಏನೋ ಗುಳುಗುಳು ಎಂದಿತು. ಬಾಯಿ ಉಪ್ಪಾಯಿತು. ಕೆಮ್ಮಿದ. ನೀರು ಬಂತು. ಇನ್ನೊಮ್ಮೆ ಕೆಮ್ಮಿದ. ಇನ್ನಷ್ಟು ನೀರು.

“ಡಿಗೊರಿ ಬಂದ! ದಡ ಸೇರಿದ!” ಹೊರಗೆ ಯಾರೋ ಕೂಗಿದರು.

ಯಾರ ಮೈ ನೋಡಿ ಬರೀತಾರೋ...

ಬಣ್ಣ ಕೆರೆಯುವ ಚಾಕು ಎತ್ತಿಕೊಂಡ. ಕೆರೆದ. ಗಡ್ಡ ಹೋಯಿತು. ಎದೆ ಹೋಯಿತು. ಉಸಿರು ಬಂತು. ಹೆಗಲು, ತೋಳು. ಉಳಿದದ್ದು ಕೈ. ಅದನ್ನೂ ಕೆರೆಯಬೇಕು. ಆದರೆ ಡಿಗೊರಿಯಿಂದಲೂ ಇಂಥದ್ದು ಆಗುತ್ತಿರಲಿಲ್ಲ. ಚಾಕು ನಿಂತಿತು.

ಕೆಮ್ಮು ಕೇಳಿ ಲವ್‌ಡೇ ಬಾಗಿಲು ತಳ್ಳಿದಳು. ಅವಳ ಹಿಂದೆ, ಮಳೆಯಲ್ಲಿ ತೊಯ್ದ ಡಿಗೊರಿ. ಅವನು ಚಿತ್ರದೆದುರು ಬಹಳ ಹೊತ್ತು ನಿಂತ.

“ನಲವತ್ತು ವರ್ಷ ಬರ್ದೆ ತಮ್ಮ. ಇಂಥ ಕೈ ನನ್ನಿಂದ ಆಗ್ಲಿಲ್ಲ. ನಂಗೇ ಹೊಟ್ಟೆಕಿಚ್ಚಾಗ್ತಿದೆ. ಎಲ್ಲಿ, ಕೈ ಕೊಡು.”

ಸೆಪ್ಟಿಮಸ್ ಬಲಗೈ ಮುಂದೆ ಚಾಚಿದ. ವಾರಗಟ್ಟಲೆ ನೀರಿನಲ್ಲಿದ್ದ ಹೆಣದ ಕೈ ಅದು. ಬೆಳ್ಳಗೆ ಊದಿ, ಚರ್ಮ ಸುಲಿದು, ಬೆರಳುಗಳು ಚುಕ್ಕಾಣಿ ಹಿಡಿದಂತೆ ಮಡಚಿಕೊಂಡಿದ್ದವು. ನೆಲಕ್ಕೆ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಲವ್‌ಡೇ ಚೀರಿದಳು.

ಸೆಪ್ಟಿಮಸ್ ಕೈಯತ್ತ ನೋಡಲಿಲ್ಲ. ಮುದುಕನನ್ನೇ ನೋಡುತ್ತಿದ್ದ.

“ಏನಂದ್ರಿ?” ಎಂದ. “ಇನ್ನೊಂದ್ಸಲ ಹೇಳಿ.”