ಗಟಾರದ ಚಪ್ಪಡಿ ಮತ್ತು ವಿವೇಚನಾಮಾಪಿ

ಕರಿಗಟ್ಟಿ ಪುರಸಭೆಯ ಮುಖ್ಯಾಧಿಕಾರಿ ಹಂಚಿನಾಳರ ಹಣೆಗೆ ವಿವೇಚನಾಮಾಪಿಯ ಪಟ್ಟಿ ಕಟ್ಟಿದಾಗ ಮೇಜಿನ ಮೇಲಿದ್ದ ಅದರ ದೀಪ ಕೆಂಪಗಿತ್ತು. ಎದುರಿಗೆ ಅರ್ಜಿದಾರರಾದ ಗುರುಬಾಯಿ ಬಡಿಗೇರ ಕುಳಿತಿದ್ದರು.

“ಅನುಮತಿ ಕೊಟ್ಟೀನ್ರಿ,” ಎಂದರು ಹಂಚಿನಾಳರು, ಅವಸರದಿಂದ.

ದೀಪ ಕೆಂಪಾಗಿಯೇ ಉಳಿಯಿತು.

“ಹಂಗಾರ ಕೊಡೂದಿಲ್ಲ. ಅರ್ಜಿ ವಜಾ.”

ದೀಪ ಅದಕ್ಕೂ ಜಗ್ಗಲಿಲ್ಲ.

“ಡಾಕ್ಟರೇ, ಈ ಮಷೀನ್ ಕೆಟ್ಟೈತೇನು?”

ಯಂತ್ರವನ್ನು ರೂಪಿಸಿದ ನರವಿಜ್ಞಾನಿ ಮೇಧಾ ಕುಲಗೋಡ ನಕ್ಕರು. “ಕೆಟ್ಟಿಲ್ಲ ಸರ್. ನೀವು ಹೂಂ ಅಂದ್ರೂ ಅಷ್ಟ, ಉಹೂಂ ಅಂದ್ರೂ ಅಷ್ಟ. ಎರಡೂ ಕಡೆ ತೂಗಿ ನೋಡಿದ್ರ ಮಾತ್ರ ಹಸಿರಾಗತೈತಿ.”

ಇಂಥ ಅರ್ಜಿಗಳಿಗೆ ಅನುಮತಿ ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಕೊಡಲೇಬೇಕೆಂದು ನ್ಯಾಯಾಲಯವೂ ಹೇಳಲಾರದು. ಆದರೆ ಯೋಚಿಸಿ ಏನಾದರೊಂದು ಹೇಳಿ ಎಂದು ಆಜ್ಞಾಪಿಸಬಲ್ಲದು; ಗುರುಬಾಯಿ ಕೋರ್ಟಿನಿಂದ ತಂದಿದ್ದೂ ಅಂಥದೇ ಆಜ್ಞೆ. ಯೋಚಿಸಿದ್ದೇವೆ ಎಂದು ಬರೆದು ಕಚೇರಿಗಳು ಕೈತೊಳೆದುಕೊಳ್ಳುತ್ತಿದ್ದುದರಿಂದ ಈ ಯಂತ್ರ ಬಂತು. ನಿಜವಾಗಿ ಯೋಚಿಸುವಾಗ ಮಿದುಳಿನ ಮುಂಭಾಗದಲ್ಲಿ ಏಳುವ ಸೂಕ್ಷ್ಮ ವಿದ್ಯುತ್ ಅಲೆಗಳನ್ನು ಪಟ್ಟಿ ಗ್ರಹಿಸುತ್ತದೆ. ಬಾಯಿಪಾಠದ ಉತ್ತರಕ್ಕೆ ಆ ಅಲೆಗಳು ಏಳುವುದಿಲ್ಲ. ದೀಪ ಹಸಿರಾಗದೆ ಹೊರಟ ಆದೇಶ ಅಸಿಂಧು.

ಹಂಚಿನಾಳರು ಕೆಟ್ಟವರೇನಲ್ಲ. ಗುರುಬಾಯಿ ಬಂದಾಗಲೆಲ್ಲ, ವರ್ಷಗಟ್ಟಲೆ, ‘ಪರಿಶೀಲನೆಯಲ್ಲಿದೆ’ ಎಂದು ಬರೆದುಕೊಟ್ಟಿದ್ದರು. ಹಾಗೆ ಬರೆದರೆ ಪರಿಶೀಲಿಸಿದಂತೆಯೇ ಎಂದು ಪ್ರಾಮಾಣಿಕವಾಗಿ ನಂಬಿದ್ದರು, ಅಷ್ಟೆ.

ಈಗ ಬೇರೆ ದಾರಿಯಿಲ್ಲದೆ ಅರ್ಜಿಯನ್ನು ಓದಿದರು. ಗಂಡನ ಗಾಲಿಕುರ್ಚಿ ಬೀದಿಗೆ ಬರಲು ಮನೆಯ ಮುಂದಿನ ಗಟಾರದ ಮೇಲೆ ಇಳಿಜಾರಿನ ಚಪ್ಪಡಿ ಹಾಕಿಕೊಳ್ಳುತ್ತೇವೆ, ಖರ್ಚು ನಮ್ಮದೇ ಎಂದಿತ್ತು.

“ಗಟಾರ ಎಷ್ಟು ಅಗಲ ಐತ್ರಿ?”

“ಒಂದು ದಾಪುಗಾಲು, ಸಾಹೇಬ್ರ.”

“ಪೂರಾ ಮುಚ್ಚಿದ್ರ ಹೂಳು ತಗಿಯಾಕ ತ್ರಾಸು…” ಹಂಚಿನಾಳರು ತಮ್ಮಷ್ಟಕ್ಕೇ ಗೊಣಗಿದರು. “ಅದ ಎತ್ತಿಡೋ ಚಪ್ಪಡಿ ಇದ್ರ? ಹೂಳಿಗೂ ಅಡ್ಡಿಲ್ಲ, ಕುರ್ಚಿಗೂ ಅಡ್ಡಿಲ್ಲ.”

ದೀಪ ಹಸಿರಾಯಿತು. ಹಂಚಿನಾಳರಿಗೆ ಎಳೆ ಮಗುವಿನಷ್ಟು ಸಂತೋಷವಾಯಿತು.

“ಹಾಕಿಸ್ಕೊಳ್ರಿ! ನಾಳೇನ ಮನಿಯವ್ರನ್ನ ಹೊರಗ ಕರಕೊಂಡು ಬರ್ರಿ.”

“ಅವ್ರು ಹೋಗಿ ವರ್ಷಾತ್ರಿ,” ಎಂದರು ಗುರುಬಾಯಿ.

ಮೇಧಾ ತಲೆ ತಗ್ಗಿಸಿದರು. ಹಂಚಿನಾಳರು ಅರ್ಜಿಯ ತಾರೀಖನ್ನು ಮತ್ತೊಮ್ಮೆ ನೋಡಿದರು.

“ಮತ್ತ… ಕೋರ್ಟಿಗೆ ಯಾಕ ಹೋದ್ರಿ?”

“ಪುರಸಭೆಯವ್ರು ಏನಂದ್ರು ಅಂತ ಅವ್ರು ದಿನಾ ಕೇಳ್ತಿದ್ರು. ಯೋಚನಿ ಮಾಡಾಕತ್ತಾರ ಅಂತಿದ್ದೆ. ಏನೋ ದೊಡ್ಡ ತೊಡಕು ಇರಬೇಕ ಬಿಡು ಅಂತ ತಾವ ಸಮಾಧಾನ ಮಾಡ್ಕೊಂತಿದ್ರು. ಹೊಸ್ತಿಲದ ಒಳಗಿಂದನ ಬೀದಿ ನೋಡ್ಕೊಂತ ಜೀವ ಹೋತು. ಆ ತೊಡಕು ಏನಿತ್ತಂತ ನನಗ ತಿಳೀಬೇಕಾಗಿತ್ರಿ.” ಅವರು ಹಸಿರು ದೀಪವನ್ನೊಮ್ಮೆ ನೋಡಿದರು. “ಇಷ್ಟೇ ಏನ್ರಿ?”

ಆದೇಶವಾದ ಮೇಲೆ ದೀಪ ಮತ್ತೆ ಕೆಂಪಾಗಬೇಕಿತ್ತು. ಆಗಲಿಲ್ಲ. ಯಂತ್ರ ಮಾಡಿದ ಮೇಧಾರಿಗೂ ಅದು ಹೊಸದು. ಪಟ್ಟಿ ಬಿಚ್ಚಿಬಿಟ್ಟರೆ ಎಲ್ಲ ಮುಗಿಯುತ್ತದೆಂದು ಹಂಚಿನಾಳರು ಹಣೆಗೆ ಕೈ ಹಾಕಿದರು. ಗುರುಬಾಯಿ ಉತ್ತರಕ್ಕಾಗಿ ಇನ್ನೂ ಕಾಯುತ್ತಿದ್ದರು. ಹಂಚಿನಾಳರು ತಮ್ಮ ಬಗ್ಗೆ ತಾವೇ ನಾಚಿ ಕೈ ಇಳಿಸಿದರು.

“ಹೌದ್ರಿ ಅಕ್ಕಾರ,” ಎಂದರು. “ಇಷ್ಟೇ ಇತ್ತು.”